ಖಾಲಿ ತೋಟಾ ನಿಜಕ್ಕೂ ಖಾಲೀನಾ? ರಿವಾಲ್ವರಿನ ಹಿತ್ತಾಳೆ ಕೇಸಿನ ಕತೆ

ಬಿಜಿಎಂಐ ಆಡುವವರಿಗೆ 'ರೀಲೋಡ್' ಹೊಸ ಪದ ಏನಲ್ಲ. ಒಂದು ಬಟನ್ ಒತ್ತಿದರೆ ಬಂದೂಕು ತಾನೇ ತುಂಬಿಕೊಳ್ಳುತ್ತೆ. ಆದರೆ ನಿಜವಾಗಿ ಗುರಿ ಹೊಡೆಯುವ ಹವ್ಯಾಸ ಇರುವವರ ನಡುವೆ, ಅದರಲ್ಲೂ ಅಮೆರಿಕದಲ್ಲಿ, ರೀಲೋಡಿಂಗ್ ಅಂದರೆ ಬೇರೆಯೇ ಅರ್ಥ. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾವನ್ನು ಎತ್ತಿಟ್ಟುಕೊಳ್ಳೋದು, ತೊಳೆಯೋದು, ಅದಕ್ಕೆ ಮತ್ತೆ ಕೇಪು, ಮದ್ದು, ಗುಂಡು ಕೂರಿಸಿ ಇನ್ನೊಂದು ಸಲ ಹೊಡೆಯೋದು. ಹೀಗೆ ಒಂದೇ ತೋಟಾ ಹತ್ತಾರು ಸಲ ಬಳಕೆಗೆ ಬರುತ್ತೆ.

ಅಮೆರಿಕಕ್ಕೆ ಓದೋಕೆ, ಕೆಲಸಕ್ಕೆ ಅಂತ ಹೋದ ನಮ್ಮ ಹುಡುಗ ಹುಡುಗಿಯರು ಒಂದು ಭಾನುವಾರ ಶೂಟಿಂಗ್ ರೇಂಜಿಗೆ ಹೋಗೋದು, ನೆನಪಿಗೆ ಅಂತ ಎರಡು ಖಾಲಿ ತೋಟಾ ಜೇಬಿಗೆ ಹಾಕಿಕೊಳ್ಳೋದು ಈಗ ಅಪರೂಪ ಏನಲ್ಲ. ಅದರಲ್ಲಿ ಇನ್ನೇನಿದೆ, ಖಾಲಿ ತಾನೇ? ಈ 'ಖಾಲಿ' ಅನ್ನೋ ಪದ ಎಷ್ಟು ಸರಿ ಅನ್ನೋದೇ ಇವತ್ತಿನ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದು 'ನೋಡಿ ತಿಳಿ, ಮಾಡಿ ಕಲಿ' ಥರದ ಎಪಿಸೋಡ್ ಅಲ್ಲ. ಮದ್ದಿನ ಅಳತೆ, ತೂಕ ಯಾವುದೂ ಇಲ್ಲಿ ಸಿಗೋದಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು ಗಂಭೀರ ಅಪರಾಧ. ಅದರ ಬಗ್ಗೆ ಕೊನೆಗೆ ಮಾತಾಡೋಣ.

ಮಲೆನಾಡು, ಕೊಡಗಿನ ಕಡೆಯವರಿಗೆ ನಾನು ಈಗ ಹೇಳಿದ ಪದಗಳು ಗೊತ್ತಿರುತ್ತವೆ. ಹಳೇ ಕೇಪಿನ ಕೋವಿಯಲ್ಲಿ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಕೋಲಿನಿಂದ ಗಿಡಿದು, ಹಿಂದುಗಡೆ ಕೇಪು ಇಡಬೇಕಿತ್ತು. ತೋಟಾ ಕೋವಿ ಬಂದಮೇಲೆ ಈ ಮೂರೂ ಸೇರಿ ಒಂದೇ ಪೊಟ್ಟಣ ಆಯ್ತು. ರಿವಾಲ್ವರಿನ ತೋಟಾದಲ್ಲಿ ಆ ಪೊಟ್ಟಣದ ಹೊದಿಕೆ ಹಿತ್ತಾಳೆಯದು. ತಳದ ನಡುವೆ ಪುಟ್ಟ ಬಟ್ಟಲಿನಂಥ ಕೇಪು, ಅಂದರೆ ಪ್ರೈಮರ್. ಒಳಗೆ ಮದ್ದು. ಬಾಯಲ್ಲಿ ಬಿರಟೆ ಹಾಕಿದ ಹಾಗೆ ಗುಂಡು. ಕುದುರೆ ಎಳೆದಾಗ ಕೇಪು ಸಿಡಿಯುತ್ತೆ, ಮದ್ದು ಉರಿಯುತ್ತೆ, ಗುಂಡು ಹೋಗುತ್ತೆ. ಉಳಿಯೋದು ಹೊದಿಕೆ ಒಂದೇ. ಅದಕ್ಕೆ ಕೇಸ್ ಅಂತಾರೆ, ನಾನೂ ಹಾಗೇ ಹೇಳ್ತೀನಿ. ಕೋರ್ಟಿನ ಕೇಸ್ ಅಲ್ಲ, ಅದೂ ಬರುತ್ತೆ, ಆಮೇಲೆ. ನಾಲ್ಕು ಭಾಗಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆ ಬಾಳೋದು ಈ ಕೇಸೇ. ಹೊಡೆದ ಮೇಲೂ ಇಷ್ಟು ಬೆಲೆಯ ವಸ್ತು ಕೈಯಲ್ಲಿ ಉಳಿದರೆ ಯಾರು ಬಿಸಾಡ್ತಾರೆ ಹೇಳಿ?

ಸರಿ, ಹಿತ್ತಾಳೆಯೇ ಯಾಕೆ? ತೋಟಾಕ್ಕೆ ಬಳಸುವ ಹಿತ್ತಾಳೆಯಲ್ಲಿ ಶೇಕಡಾ 70ರಷ್ಟು ತಾಮ್ರ, 30ರಷ್ಟು ಸತು. ಈ ಮಿಶ್ರಣಕ್ಕೆ ಒಂದು ಒಳ್ಳೇ ಗುಣ ಇದೆ. ಒತ್ತಡ ಬಿದ್ದಾಗ ಹಿಗ್ಗುತ್ತೆ, ಒತ್ತಡ ಹೋದಾಗ ಸ್ವಲ್ಪ ಹಿಂದಕ್ಕೆ ಕುಗ್ಗುತ್ತೆ. ಮದ್ದು ಉರಿದ ಕ್ಷಣದಲ್ಲಿ ಕೇಸಿನ ಗೋಡೆ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು ಸೀಲ್ ಆಗುತ್ತೆ. ಬಿಸಿ ಅನಿಲ ಹಿಂದಕ್ಕೆ, ಅಂದರೆ ಹೊಡೆಯುವವರ ಮುಖದ ಕಡೆಗೆ ಬರೋದಿಲ್ಲ. ಗುಂಡು ನಳಿಗೆ ಬಿಟ್ಟಮೇಲೆ ಒತ್ತಡ ಇಳಿಯುತ್ತೆ, ಕೇಸ್ ತುಸು ಸಡಿಲವಾಗುತ್ತೆ, ಸಲೀಸಾಗಿ ಹೊರಗೆ ಬರುತ್ತೆ. ಉಕ್ಕು ಇಷ್ಟು ಚೆನ್ನಾಗಿ ಹಿಂದಕ್ಕೆ ಕುಗ್ಗೋದಿಲ್ಲ. ಬರೀ ತಾಮ್ರ ಆದರೆ ತುಂಬಾ ಮೆತ್ತಗೆ.

ಒತ್ತಡ ಎಷ್ಟು ಅಂತೀರಾ? ಕಾರಿನ ಟೈರಿನಲ್ಲಿ ಇರೋದು ಸುಮಾರು 32 ಪಿಎಸ್‌ಐ. .38 ಸ್ಪೆಷಲ್ ಅನ್ನೋ ಹಳೇ ರಿವಾಲ್ವರ್ ತೋಟಾಕ್ಕೆ ಅಮೆರಿಕದ ಉದ್ಯಮ ಗೊತ್ತುಮಾಡಿರೋ ಮಿತಿ 17,000 ಪಿಎಸ್‌ಐ. ಅಂದರೆ ಟೈರಿನ ಐನೂರು ಪಟ್ಟಿಗೂ ಹೆಚ್ಚು. ಬಂದೂಕುಗಳ ಲೋಕದಲ್ಲಿ ಇದು ಮೃದು ಸ್ವಭಾವದ ತೋಟಾ! ಅದರ ಅಣ್ಣ .357 ಮ್ಯಾಗ್ನಮ್‌ನದು 35,000. ಹಳೇ ರಿವಾಲ್ವರ್ ಕೇಸುಗಳು ರೀಲೋಡಿಂಗ್‌ಗೆ ಇಷ್ಟು ಒಗ್ಗೋದಕ್ಕೆ ಮೊದಲ ಕಾರಣ ಇದೇ. ಒತ್ತಡ ಕಡಿಮೆ ಇದ್ದಷ್ಟೂ ಲೋಹ ಕಡಿಮೆ ದಣಿಯುತ್ತೆ.

ಎರಡನೇ ಕಾರಣ ರಿವಾಲ್ವರಿನ ರಚನೆಯಲ್ಲೇ ಇದೆ. ಪಿಸ್ತೂಲು ಪ್ರತಿ ಗುಂಡಿಗೂ ಖಾಲಿ ಕೇಸನ್ನು ಪಕ್ಕಕ್ಕೆ ಎಸೆಯುತ್ತೆ. ಅದು ಹುಲ್ಲಲ್ಲೋ ಮಣ್ಣಲ್ಲೋ ಬೀಳುತ್ತೆ, ಬಗ್ಗಿ ಹುಡುಕಬೇಕು. ರಿವಾಲ್ವರ್ ಏನನ್ನೂ ಎಸೆಯೋದಿಲ್ಲ. ಆರು ಹೊಡೆದರೆ ಆರೂ ಕೇಸು ಸಿಲಿಂಡರಿನಲ್ಲೇ ಕೂತಿರುತ್ತವೆ. ತೆರೆದು, ಕಡ್ಡಿ ಒತ್ತಿ, ಅಂಗೈಗೆ ಉದುರಿಸಿಕೊಂಡರೆ ಒಂದೂ ಕಳೆಯೋದಿಲ್ಲ, ಜಜ್ಜೋದೂ ಇಲ್ಲ.

ಮೂರನೆಯದು ಆಕಾರ. ರೈಫಲ್ ಕೇಸಿಗೆ ಸಾಮಾನ್ಯವಾಗಿ ಸೀಸೆಯ ಹಾಗೆ ಕತ್ತು ಇರುತ್ತೆ. ರಿವಾಲ್ವರಿನದು ನೇರ ಲೋಟ. ತಳದಲ್ಲಿ ಒಂದು ಅಂಚು, ತಟ್ಟೆಯ ಅಂಚಿನ ಥರ. ತೋಟಾ ಚೇಂಬರಿನಲ್ಲಿ ಎಲ್ಲಿ ನಿಲ್ಲಬೇಕು ಅನ್ನೋದನ್ನ ಆ ಅಂಚೇ ತೀರ್ಮಾನ ಮಾಡುತ್ತೆ. ಹಾಗಾಗಿ ಕೇಸಿನ ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ ಆದರೂ ನಡೆಯುತ್ತೆ. ನೇರ ಗೋಡೆಯಾದ್ದರಿಂದ ಹಿಗ್ಗಿದ್ದನ್ನು ಮತ್ತೆ ಅಳತೆಗೆ ತರೋದೂ ಸುಲಭ.

ಇಲ್ಲೊಂದು ತಮಾಷೆ ಇದೆ. .38 ತೋಟಾದ ಗುಂಡಿನ ಅಡ್ಡಗಲ ನಿಜವಾಗಿ .38 ಇಂಚು ಇಲ್ಲ. ಅದು ಸುಮಾರು .357 ಇಂಚು, ಅಂದರೆ 9.1 ಮಿಲಿಮೀಟರ್. .38ಕ್ಕೆ ಹತ್ತಿರ ಇರೋದು ಕೇಸಿನ ಹೊರಗಿನ ಅಡ್ಡಗಲ. ಹಿಂದಿನ ಕಾಲದ ತೋಟಾಗಳಲ್ಲಿ ಗುಂಡೂ ಕೇಸೂ ಒಂದೇ ದಪ್ಪ ಇರ್ತಿದ್ವು. ಆಮೇಲೆ ಗುಂಡು ಕೇಸಿನ ಒಳಗೆ ಸರಿದು ಸಣ್ಣಗಾಯ್ತು, ಹೆಸರು ಮಾತ್ರ ಕೇಸಿನದೇ ಉಳೀತು. ಮುಂದೆ 1935ರಲ್ಲಿ ಅದೇ ಗುಂಡಿಗೆ ಹೆಚ್ಚು ಜೋರು ಕೊಟ್ಟು .357 ಮ್ಯಾಗ್ನಮ್ ಬಂದಾಗ ಗುಂಡಿನ ಅಳತೆಯನ್ನೇ ಹೆಸರಿಗೆ ಇಟ್ಟರು. ಕೇಸನ್ನು ಮಾತ್ರ ಬೇಕಂತಲೇ ಮೂರು ಮಿಲಿಮೀಟರಿನಷ್ಟು ಉದ್ದ ಮಾಡಿದರು. ಯಾಕೆ? ಆ ಜೋರಿನ ತೋಟಾವನ್ನು ಯಾರಾದರೂ ಹಳೇ .38 ರಿವಾಲ್ವರಿಗೆ ತುರುಕಿಬಿಟ್ಟರೆ ಸಿಲಿಂಡರ್ ತಡೆಯೋದಿಲ್ಲ. ಮೂರು ಮಿಲಿಮೀಟರ್ ಹಿತ್ತಾಳೆ ಅಲ್ಲಿ ಬೀಗದ ಕೆಲಸ ಮಾಡುತ್ತೆ. ನನಗೆ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಎಂಜಿನಿಯರಿಂಗ್ ಇದು. ಎಚ್ಚರಿಕೆಯ ಬೋರ್ಡ್ ಬರೆಯೋ ಬದಲು ವಸ್ತುವೇ 'ನಾನು ಒಳಗೆ ಹೋಗಲ್ಲ' ಅನ್ನುತ್ತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಿಲಿಂಡರಿನ ತೂತನ್ನು ಆರಪಾರ ಕೊರೆದು ಹಿಂದಿನಿಂದ ತೋಟಾ ಹಾಕುವ ಪೇಟೆಂಟ್ 1855ರಲ್ಲಿ ರೋಲಿನ್ ವೈಟ್ ಎಂಬ ಅಮೆರಿಕನ್‌ಗೆ ಸಿಕ್ಕಿತು. ಅದನ್ನು ಬಳಸಿಕೊಂಡು ಸ್ಮಿತ್ ಅಂಡ್ ವೆಸನ್ 1857ರಲ್ಲಿ ತನ್ನ ಮೊದಲ ಪುಟ್ಟ ರಿವಾಲ್ವರ್ ತಂದಿತು. ಆದರೆ ಅದರ ತೋಟಾ ರಿಮ್‌ಫೈರ್. ಅಂದರೆ ಸಿಡಿಯುವ ಪದಾರ್ಥ ತಳದ ಅಂಚಿನ ಮಡಿಕೆಯೊಳಗೇ ಇರುತ್ತೆ, ಬೇರೆ ಕೇಪು ಇಲ್ಲ. ಹೊಡೆದಾಗ ಅಂಚು ಜಜ್ಜಿಹೋಗುತ್ತೆ, ಮತ್ತೆ ತುಂಬೋಕೆ ಬರೋದಿಲ್ಲ. ಇವತ್ತಿನ .22 ತೋಟಾಗಳೂ ಹೀಗೇ. ವೈಟ್ ಪೇಟೆಂಟ್ 1869ರಲ್ಲಿ ಮುಗೀತು. 1873ರಲ್ಲಿ ಕೋಲ್ಟ್ ಕಂಪನಿಯ ಪ್ರಸಿದ್ಧ ರಿವಾಲ್ವರ್ ಬಂತು. ಕೌಬಾಯ್ ಸಿನಿಮಾಗಳಲ್ಲಿ ಸೊಂಟದಲ್ಲಿ ತೂಗಾಡುತ್ತಲ್ಲ, ಅದೇ. ಇದರ .45 ತೋಟಾ ಸೆಂಟರ್‌ಫೈರ್, ನಡುವೆ ಕೇಪು ಇರುವಂಥದ್ದು. ಹಳೇ ಕೇಪು ತೆಗೆದು ಹೊಸದು ಹಾಕಬಹುದು ಅಂತಾದಮೇಲೆ ಮನೆಯಲ್ಲಿ ತುಂಬೋರು ಹುಟ್ಟಿಕೊಂಡರು. ಅಂಗಡಿ ನೂರಾರು ಮೈಲಿ ದೂರ ಇದ್ದ ಕಾಲ ಅದು. 1880ರ ದಶಕದಲ್ಲಿ 'ಐಡಿಯಲ್' ಹೆಸರಿನ ಕೈ ಉಪಕರಣ ಮಾರುಕಟ್ಟೆಗೆ ಬಂತು. ನೋಡೋಕೆ ಥೇಟ್ ನಮ್ಮ ಅಡಕತ್ತರಿ! ಜೀನಿನ ಚೀಲದಲ್ಲಿ ಇಟ್ಟುಕೊಂಡು ಹೋಗಬಹುದಿತ್ತು.

ಕೇಪಿನಲ್ಲೂ ಎರಡು ಪಂಥ ಇವೆ. ಎರಡೂ 1860ರ ದಶಕದವು. ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರ್ ಮಾಡಿದ್ದರಲ್ಲಿ ಕೇಸಿನ ತಳಕ್ಕೆ ನಡುವೆ ಒಂದೇ ತೂತು. ಮೇಲಿನಿಂದ ಒಂದು ಸೂಜಿ ಇಳಿಸಿ ತಳ್ಳಿದರೆ ಹಳೇ ಕೇಪು ಟಪ್ ಅಂತ ಬಿದ್ದುಹೋಗುತ್ತೆ. ಅಮೆರಿಕದ ಹೈರಮ್ ಬರ್ಡನ್ ಮಾಡಿದ್ದರಲ್ಲಿ ಸಾಮಾನ್ಯವಾಗಿ ಪಕ್ಕಪಕ್ಕದಲ್ಲಿ ಎರಡು ಸಣ್ಣ ತೂತು, ನಡುವೆ ಹಿತ್ತಾಳೆಯದೇ ಮೊಳೆ. ಸೂಜಿ ಅಲ್ಲಿ ಕೆಲಸ ಮಾಡೋದಿಲ್ಲ. ವಿಚಿತ್ರ ನೋಡಿ, ಬ್ರಿಟಿಷನ ಕೇಪನ್ನು ಅಪ್ಪಿಕೊಂಡಿದ್ದು ಅಮೆರಿಕ, ಅಮೆರಿಕನ್ನನ ಕೇಪನ್ನು ಅಪ್ಪಿಕೊಂಡಿದ್ದು ಯುರೋಪ್. ಅಮೆರಿಕದಲ್ಲಿ ರೀಲೋಡಿಂಗ್ ಮನೆಮನೆಯ ಹವ್ಯಾಸ ಆಗಿದ್ದಕ್ಕೆ ಆ ಒಂದು ತೂತಿನ ಕೊಡುಗೆ ದೊಡ್ಡದು.

ಈಗ ಅಂಥ ಒಬ್ಬ ಹವ್ಯಾಸಿಯ ಮೇಜಿನ ಮುಂದೆ ಕೂತಿದ್ದೀವಿ ಅಂದ್ಕೊಳ್ಳಿ. ಮುಂದೆ ಒಂದು ಬುಟ್ಟಿ ಹಳೇ ಕೇಸು. ಅಲ್ಲಿ ಹಳೇ ಕೇಸುಗಳನ್ನು ಐನೂರು, ಸಾವಿರದ ಲೆಕ್ಕದಲ್ಲಿ ಚೀಲ ಕಟ್ಟಿ ಮಾರ್ತಾರೆ. 'ಒಂದೇ ಸಲ ಹೊಡೆದದ್ದು' ಅಂತ ಹೇಳಿ ಮಾರಿದರೆ ಬೆಲೆ ಜಾಸ್ತಿ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಬೈಕಿಗೆ 'ಸಿಂಗಲ್ ಓನರ್' ಅಂತಾರಲ್ಲ, ಹಾಗೆ. ಅದನ್ನ ನಂಬೋದು ಬಿಡೋದು ಕೊಳ್ಳುವವರಿಗೆ ಬಿಟ್ಟಿದ್ದು.

ಅವರ ಮೊದಲ ಕೆಲಸ ಆರಿಸೋದು. ಅಕ್ಕಿ ಆರಿಸಿದ ಹಾಗೆ. ತಳದ ಮೇಲೆ ಕಂಪನಿ ಗುರುತು, ಅಳತೆ ಕೆತ್ತಿರುತ್ತೆ, ಅದನ್ನ ಓದಿ ಬೇರೆ ಮಾಡ್ತಾರೆ. ಅಯಸ್ಕಾಂತ ಆಡಿಸಿದರೆ ಉಕ್ಕಿನ ಕೇಸು ಅಂಟಿಕೊಂಡು ಬರುತ್ತವೆ. ಅಲ್ಯುಮಿನಿಯಂ ಕೇಸು ಹಗುರ, ಮಂಕು ಬೂದು ಬಣ್ಣ. ಅವು ಒಂದೇ ಬಳಕೆಗೆ ಮಾಡಿದವು, ಪಕ್ಕಕ್ಕೆ. ಬೆಳ್ಳಿಯ ಹಾಗೆ ಹೊಳೆಯುವ ಕೇಸು ಸಿಕ್ಕರೆ ಅದು ನಿಕಲ್ ಲೇಪನ ಮಾಡಿದ ಹಿತ್ತಾಳೆ. ಹಿಂದೆ ಪೊಲೀಸರು ತೋಟಾಗಳನ್ನ ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ಸಿಕ್ಕಿಸಿಕೊಂಡು ತಿರುಗ್ತಿದ್ರು. ಹದ ಮಾಡಿದ ಚರ್ಮ ತಾಗಿ ತಾಗಿ ಬರೀ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತೆ, ತೋಟಾ ಅಂಟಿಕೊಳ್ಳುತ್ತೆ. ಅದಕ್ಕೇ ನಿಕಲ್. ನೋಡೋಕೆ ಚೆಂದ, ಆದರೆ ಬಾಯಿ ಬೇಗ ಸೀಳುತ್ತೆ ಅನ್ನೋದು ಹವ್ಯಾಸಿಗಳ ಅನುಭವ.

ಸೀಳು ಕಣ್ಣಿಗೆ ಕಾಣದೇ ಇರಬಹುದು. ಅದಕ್ಕೆ ಕಿವಿ ಇದೆ. ನಾಲ್ಕೈದು ಕೇಸನ್ನು ಅಂಗೈಯಲ್ಲಿ ಕುಲುಕಿದರೆ ಗಟ್ಟಿ ಕೇಸು ಗೆಜ್ಜೆಯ ಹಾಗೆ ಕಿಣಿಕಿಣಿ ಅನ್ನುತ್ತೆ. ಸೀಳಿದ್ದು ಒಂದಿದ್ದರೂ ಸದ್ದು ಬೋದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿಯರು ಬೆರಳ ಗೆಣ್ಣಿನಿಂದ ಕುಟ್ಟಿ ನೋಡ್ತಿದ್ರಲ್ಲ, ಅದೇ ವಿದ್ಯೆ.

ಆಮೇಲಿನ ಹಂತಗಳನ್ನ ಬೇಗ ಹೇಳಿಬಿಡ್ತೀನಿ. ಮೆಕ್ಕೆಜೋಳದ ದಿಂಡಿನ ಪುಡಿ ಅಥವಾ ವಾಲ್‌ನಟ್ ಸಿಪ್ಪೆಯ ಪುಡಿಯಲ್ಲಿ ಹಾಕಿ ಅಲುಗಾಡಿಸಿ ಉಜ್ಜೋದು. ಪ್ರೆಸ್ಸಿನಲ್ಲಿ ಒತ್ತಿ ಹಿಗ್ಗಿದ ಗೋಡೆಯನ್ನ ಅಳತೆಗೆ ತರೋದು, ಆಗಲೇ ಹಳೇ ಕೇಪು ಉದುರುತ್ತೆ. ಗುಂಡು ಕೂರೋದಕ್ಕೆ ಬಾಯನ್ನ ಕೊಂಚ ಅಗಲಿಸೋದು. ಹೊಸ ಕೇಪು, ಮದ್ದು, ಗುಂಡು. ಕೊನೆಗೆ ಬಾಯಂಚನ್ನ ಒಳಕ್ಕೆ ಮಡಚಿ ಗುಂಡನ್ನ ಬಿಗಿ ಮಾಡೋದು. ಈ ಬಿಗಿ ರಿವಾಲ್ವರಿಗೆ ಬಹಳ ಮುಖ್ಯ. ಒಂದು ತೋಟಾ ಸಿಡಿದಾಗ ಆಗುವ ಹಿಂದೊದೆತಕ್ಕೆ ಉಳಿದ ಐದು ತೋಟಾಗಳ ಗುಂಡುಗಳು ಮೆಲ್ಲಗೆ ಮುಂದಕ್ಕೆ ಜರುಗಬಹುದು. ಒಂದು ಗುಂಡಿನ ಮೂಗು ಸಿಲಿಂಡರಿನಿಂದ ಆಚೆ ಬಂದರೆ ಸಾಕು, ಸಿಲಿಂಡರ್ ತಿರುಗೋದಿಲ್ಲ.

ಆದರೆ ಬಾಯಿ ಅಗಲಿಸೋದು, ಮತ್ತೆ ಮಡಚೋದು, ಹೊಡೆದಾಗ ಮತ್ತೆ ಹಿಗ್ಗೋದು. ಒಂದು ತಂತಿಯನ್ನ ಹಿಂದಕ್ಕೂ ಮುಂದಕ್ಕೂ ಬಾಗಿಸಿದ ಹಾಗೆ ಆಯ್ತು. ಹಿತ್ತಾಳೆ ಪ್ರತಿ ಸಲವೂ ಗಡುಸಾಗ್ತಾ ಹೋಗುತ್ತೆ, ಒಂದು ದಿನ ಬಾಯಿಂದ ಕೆಳಕ್ಕೆ ಸಣ್ಣ ಗೆರೆ ಬಿಟ್ಟುಕೊಳ್ಳುತ್ತೆ. ರಿವಾಲ್ವರ್ ಕೇಸಿನ ಆಯಸ್ಸು ಮುಗಿಯೋದು ಹೆಚ್ಚಾಗಿ ಹೀಗೆ. ಮೆದು ಒತ್ತಡದ .38 ಕೇಸು ಹತ್ತಾರು ಸಲ ತಾಳುತ್ತೆ. ಪೂರ್ತಿ ಜೋರಿನ ಮ್ಯಾಗ್ನಮ್‌ಗೆ ಅಷ್ಟು ಆಯಸ್ಸಿಲ್ಲ.

ಇನ್ನು ಅಪಾಯದ ಮಾತು. ಕೇಸು ಸೀಳೋದು ನಿಜ ಹೇಳಬೇಕಂದ್ರೆ ದೊಡ್ಡ ಅಪಾಯ ಅಲ್ಲ. ದೊಡ್ಡದು ಬೇರೆ ಇದೆ, ಅದಕ್ಕೂ ಇತಿಹಾಸಕ್ಕೂ ಸಂಬಂಧ ಇದೆ. .38 ಸ್ಪೆಷಲ್ ಹುಟ್ಟಿದ್ದು 1890ರ ದಶಕದ ಕೊನೆಯಲ್ಲಿ, ಕರಿಮದ್ದಿನ ಕಾಲ ಮುಗೀತಾ ಇದ್ದಾಗ. ಕರಿಮದ್ದಿಗೆ ಜಾಗ ಜಾಸ್ತಿ ಬೇಕು, ಅದಕ್ಕೆ ಕೇಸು ಉದ್ದ. ಸ್ವಲ್ಪ ದಿನದಲ್ಲೇ ಹೊಗೆ ಕಾರದ ಹೊಸ ಮದ್ದು ಬಂತು. ಅದು ಚಿಟಿಕೆಯಷ್ಟು ಇದ್ದರೂ ಅಷ್ಟೇ ಕೆಲಸ ಮಾಡುತ್ತೆ. ಕೇಸು ಮಾತ್ರ ಹಳೇ ಅಳತೆಯದೇ. ಈಗ ಮದ್ದು ಹಾಕಿದ ಮೇಲೂ ಕೇಸಿನ ಬಹುಪಾಲು ಖಾಲಿ ಇರುತ್ತೆ. ಫೋನ್ ಬಂತು, ಗಮನ ತಪ್ಪಿತು, ಅದೇ ಕೇಸಿಗೆ ಎರಡನೇ ಸಲ ಮದ್ದು ಬಿತ್ತು ಅಂದ್ಕೊಳ್ಳಿ. ತುಂಬಿ ಹೊರಗೆ ಚೆಲ್ಲೋದಿಲ್ಲ. ಗುಂಡು ಕೂರಿಸಿದ ಮೇಲೆ ಹೊರಗಿನಿಂದ ಎಲ್ಲ ತೋಟಾಗಳೂ ಒಂದೇ ಥರ ಕಾಣುತ್ತವೆ. ಅಂಥದ್ದನ್ನ ಹೊಡೆದಾಗ ಸಿಲಿಂಡರಿನ ಮೇಲ್ಭಾಗವೇ ಕಿತ್ತುಕೊಂಡು ಹೋಗುತ್ತೆ. ಕೈ ಬೆರಳು, ಕಣ್ಣು, ಪಕ್ಕದಲ್ಲಿ ನಿಂತವರು, ಯಾರಿಗೆ ಬೇಕಾದರೂ ತಾಗಬಹುದು.

ಇದರ ಉಲ್ಟಾ ಕೂಡ ಅಷ್ಟೇ ಕೆಟ್ಟದ್ದು. ಮದ್ದೇ ಹಾಕೋದು ಮರೆತರೆ ಕೇಪಿನ ಶಕ್ತಿಯೊಂದೇ ಗುಂಡನ್ನ ತಳ್ಳಿ ನಳಿಗೆಯ ಮಧ್ಯದಲ್ಲಿ ಸಿಕ್ಕಿಸುತ್ತೆ. 'ಟುಸ್' ಅಂತ ಸಣ್ಣ ಸದ್ದು. ಹೊಡೆಯುವವರು ಅದನ್ನ ಗಮನಿಸದೆ ಇನ್ನೊಂದು ಹೊಡೆದರೆ ಎರಡನೇ ಗುಂಡು ಮೊದಲನೆಯದಕ್ಕೆ ಗುದ್ದುತ್ತೆ, ನಳಿಗೆ ಉಬ್ಬುತ್ತೆ ಅಥವಾ ಸೀಳುತ್ತೆ. ಅನುಭವಸ್ಥರು ಐವತ್ತು ಕೇಸುಗಳನ್ನ ಹಲಗೆಯಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಾಕಿ ಒಂದೊಂದರ ಒಳಗೂ ಇಣುಕೋದು ಇದಕ್ಕೇ. ಎಷ್ಟೇ ದುಬಾರಿ ಮಷಿನ್ ಇದ್ದರೂ ಆ ಇಣುಕುನೋಟಕ್ಕೆ ಬದಲಿ ಇಲ್ಲ ಅಂತಾರೆ, ನನಗೂ ಹಾಗೇ ಅನ್ನಿಸುತ್ತೆ.

ನಿಧಾನವಾಗಿ ಬರುವ ಅಪಾಯವೂ ಒಂದಿದೆ, ಸೀಸ. ಬಹುಪಾಲು ಕೇಪುಗಳ ಸಿಡಿಮದ್ದಿನಲ್ಲಿ ಸೀಸದ ಸಂಯುಕ್ತ ಇರುತ್ತೆ. ಹೊಡೆದ ಕೇಸಿನ ಒಳಗಿನ ಮಸಿಯಲ್ಲಿ ಅದು ಉಳಿಯುತ್ತೆ. ಒಣ ಪುಡಿಯಲ್ಲಿ ಉಜ್ಜಿದಾಗ ಏಳುವ ದೂಳು ಉಸಿರಿಗೆ, ಕೈಗೆ, ಅಲ್ಲಿಂದ ಊಟಕ್ಕೆ. ಮಕ್ಕಳಿರುವ ಮನೆಯ ಅಡುಗೆಮನೆಯಲ್ಲಿ ಈ ಕೆಲಸ ಮಾಡಲೇಬಾರದು ಅಂತ ಹೇಳೋದು ಇದಕ್ಕೆ. ನೆನಪಿಗೆ ಅಂತ ತಂದ ಕೇಸನ್ನ ಮಗುವಿನ ಕೈಗೆ ಸೀಟಿ ಊದೋಕೆ ಕೊಡೋರೂ ಇದ್ದಾರೆ. ದಯವಿಟ್ಟು ಬೇಡ.

ಹಿತ್ತಾಳೆಯನ್ನ ಹೊಳೆಯಿಸೋಕೆ ಅಮೋನಿಯ ಇರುವ ಪಾಲಿಶ್ ಬಳಸಬೇಡಿ ಅನ್ನೋದು ಹವ್ಯಾಸಿಗಳ ಇನ್ನೊಂದು ನಿಯಮ. ಅಮೆರಿಕದ ಗ್ಯಾರೇಜಿನಲ್ಲಿ ಪಾಲಿಸುವ ಈ ನಿಯಮದ ಬೇರು ಇರೋದು ನಮ್ಮ ಮಳೆಗಾಲದಲ್ಲಿ! ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಗೆ ಮಳೆಗಾಲ ಅಂದ್ರೆ ಕಾರ್ಯಾಚರಣೆ ಕಡಿಮೆ. ತೋಟಾ ಪೆಟ್ಟಿಗೆಗಳನ್ನ ಕುದುರೆ ಲಾಯದಲ್ಲಿ ಇಡ್ತಿದ್ರು. ಮಳೆ ನಿಂತ ಮೇಲೆ ತೆರೆದು ನೋಡಿದರೆ, ಹೊಡೆಯದೇ ಇದ್ದ ಹೊಸ ಹಿತ್ತಾಳೆ ಕೇಸುಗಳು ತಾವಾಗೇ ಸೀಳಿರ್ತಿದ್ವು, ಅದರಲ್ಲೂ ಗುಂಡನ್ನ ಬಿಗಿದ ಬಾಯಿಯ ಹತ್ತಿರ. ಋತುವಿಗೆ ತಕ್ಕಂತೆ ಬರುವ ಈ ಕಾಯಿಲೆಗೆ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರೂ ಬಿತ್ತು. ಕಾರಣ ಗೊತ್ತಾಗಿದ್ದು 1921ರಲ್ಲಿ. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು ತೋರಿಸಿಕೊಟ್ಟರು: ಕುದುರೆಯ ಗಂಜಲದಿಂದ ಏಳುವ ಅಮೋನಿಯ, ತೇವದ ಗಾಳಿ, ಜತೆಗೆ ಕೇಸನ್ನ ಎಳೆದು ಅಚ್ಚು ಮಾಡುವಾಗ ಲೋಹದೊಳಗೆ ಉಳಿದುಕೊಂಡ ಬಿಗಿತ. ಇವು ಸೇರಿದರೆ ಹಿತ್ತಾಳೆ ತಾನಾಗೇ ಬಿರಿಯುತ್ತೆ. ಕೇಸನ್ನ ಹದವಾಗಿ ಕಾಯಿಸಿ ಆ ಬಿಗಿತ ಇಳಿಸೋದು ಪರಿಹಾರ. ಇವತ್ತಿಗೂ ಸ್ಟ್ರೆಸ್ ಕೊರೋಶನ್ ಪಾಠ ಮಾಡುವಾಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಕುದುರೆ ಲಾಯದ ಉದಾಹರಣೆ ಬರುತ್ತೆ. ಮೆಕ್ಯಾನಿಕಲ್ ಓದಿದವರಿಗೆ ನೆನಪಾಗಬಹುದು.

ಈಗ ನಮ್ಮ ದೇಶದ ಕಾನೂನಿಗೆ ಬರೋಣ. ಎನ್‌ಸಿಸಿಯಲ್ಲಿ ಇದ್ದವರನ್ನ ಕೇಳಿ ನೋಡಿ. ಕ್ಯಾಂಪಿನಲ್ಲಿ ಫೈರಿಂಗ್ ಮುಗಿದ ತಕ್ಷಣ ಖಾಲಿ ತೋಟಾಗಳನ್ನ ಎಣಿಸಿ ವಾಪಸ್ ಒಪ್ಪಿಸಬೇಕು. ಅದು .22, ರಿಮ್‌ಫೈರ್, ಮತ್ತೆ ತುಂಬೋಕೇ ಬರೋದಿಲ್ಲ. ಆದರೂ ಲೆಕ್ಕ ಲೆಕ್ಕವೇ. ಎಷ್ಟು ಕೊಟ್ಟೆವೋ ಅಷ್ಟು ಹೊಡೆದಿದ್ದಾರೆ ಅನ್ನೋದಕ್ಕೆ ಖಾಲಿ ಕೇಸೇ ರಸೀದಿ.

ಖಾಲಿ ಕೇಸು ಸಾಕ್ಷಿ ಕೂಡ ಹೌದು. ಬಂದೂಕಿನ ಸೂಜಿ ಕೇಪಿನ ಮೇಲೆ ಬಿಡುವ ಗುಳಿ, ಹಿಂಬದಿಯ ಉಕ್ಕು ಕೇಸಿನ ತಳಕ್ಕೆ ಒತ್ತುವ ಗೀರು, ಇವನ್ನ ಮೈಕ್ರೋಸ್ಕೋಪಿನಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುವ ಪದ್ಧತಿ 1920ರ ದಶಕದಿಂದ ಇದೆ. ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ನಡೆದ ಗೌರಿ ಲಂಕೇಶ್ ಹತ್ಯೆ, ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ನಡೆದ ಎಂ.ಎಂ. ಕಲಬುರ್ಗಿ ಹತ್ಯೆ, ಎರಡಕ್ಕೂ ಒಂದೇ 7.65 ಎಂಎಂ ನಾಡ ಪಿಸ್ತೂಲು ಬಳಕೆಯಾಗಿದೆ ಅಂತ ವಿಧಿವಿಜ್ಞಾನ ವರದಿ ಹೇಳಿದ್ದು ಇಂಥ ಹೋಲಿಕೆಯಿಂದಲೇ. ಎರಡು ಊರು, ಎರಡು ವರ್ಷದ ಅಂತರ. ಕೇಸಿನ ಮೇಲಿನ ಗೀರುಗಳಿಗೆ ಇಂಥ ಶಕ್ತಿ ಇರುವಾಗ ಅದನ್ನ ಗುಜರಿ ಅನ್ನೋಕಾಗುತ್ತಾ?

1959ರ ಶಸ್ತ್ರಾಸ್ತ್ರ ಕಾಯ್ದೆ ಓದಿದರೆ ಅದೂ ಹೆಚ್ಚು ಕಮ್ಮಿ ಇದನ್ನೇ ಹೇಳುತ್ತೆ. 'ಮದ್ದುಗುಂಡು' ಅಂದರೇನು ಅಂತ ವಿವರಿಸುವ ಕಡೆ, ತೋಟಾ ಅಷ್ಟೇ ಅಲ್ಲ, ಅದರ ಬಿಡಿಭಾಗಗಳು, ಅದನ್ನ ತಯಾರಿಸುವ ಯಂತ್ರಗಳು ಕೂಡ ಮದ್ದುಗುಂಡೇ ಅಂತ ಸೇರಿಸಿದ್ದಾರೆ. ಅಮೆರಿಕದಲ್ಲಿ ಕೊರಿಯರಿನಲ್ಲಿ ಮನೆಗೆ ಬರುವ ರೀಲೋಡಿಂಗ್ ಪ್ರೆಸ್ ಇಲ್ಲಿ ಪರವಾನಗಿ ಕೇಳುವ ವಸ್ತು. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇದೆ. ನಿಮ್ಮ ಅಪ್ಪನ ಹೆಸರಲ್ಲಿ ರಿವಾಲ್ವರ್ ಲೈಸೆನ್ಸ್ ಇದೆ ಅಂದರೂ ಅದು ಇಟ್ಟುಕೊಳ್ಳೋದಕ್ಕೆ, ತೋಟಾ ತಯಾರಿಸೋದಕ್ಕಲ್ಲ.

ಹಾಗಾದರೆ ಶೋಕೇಸಿನಲ್ಲಿರುವ ಒಂದು ಖಾಲಿ ಕೇಸು? ಕೀಚೈನಿಗೆ ಪೋಣಿಸಿದ್ದು? ಇಲ್ಲಿ ಕಾಯ್ದೆ ಸ್ವಲ್ಪ ಉಸಿರಾಡೋಕೆ ಬಿಡುತ್ತೆ. ಅದರ 45ನೇ ಸೆಕ್ಷನ್ ಪ್ರಕಾರ, ಉಳಿದ ಬಿಡಿಭಾಗಗಳ ಜತೆ ಸೇರಿಸಿ ಬಳಸುವ ಉದ್ದೇಶ ಇಲ್ಲದ ಚಿಕ್ಕಪುಟ್ಟ ಭಾಗಗಳಿಗೆ ಈ ಕಾಯ್ದೆ ಅನ್ವಯಿಸೋದಿಲ್ಲ. ಉದ್ದೇಶ ಅನ್ನೋ ಪದ ಗಮನಿಸಿ. ಕೀಚೈನಿನ ಒಂದು ಕೇಸು ಒಂದು ಲೆಕ್ಕ. ಉಜ್ಜಿ, ಆರಿಸಿ, ಅಳತೆಗೆ ತಂದ ಇನ್ನೂರು ಕೇಸು, ಪಕ್ಕದಲ್ಲಿ ಒಂದು ಡಬ್ಬಿ ಕೇಪು ಇದ್ದರೆ ಅದು ಬೇರೆಯೇ ಲೆಕ್ಕ. ಎರಡೂ ಕಡೆ ಇರೋದು ಅದೇ ಹಿತ್ತಾಳೆ.

ವಿಮಾನ ನಿಲ್ದಾಣದ ಕತೆ ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ ಗುಂಡಿಲ್ಲದ, ಕೇಪು ಸಿಡಿದ ಖಾಲಿ ಕೇಸನ್ನ ಕೈಚೀಲದಲ್ಲಿ ಒಯ್ಯೋಕೆ ಅಲ್ಲಿನ ಭದ್ರತಾ ನಿಯಮ ಬಿಡುತ್ತೆ. ಹಾಗಾಗಿ ಅಲ್ಲಿ ಯಾರೂ ತಡೆಯೋದಿಲ್ಲ, ನಮ್ಮವರು ಸರಿ ಅಂತ ತಿಳ್ಕೊಂಡು ಬಂದುಬಿಡ್ತಾರೆ. ಇಲ್ಲಿಯ ಎಕ್ಸ್‌ರೇಯಲ್ಲಿ ಕಾಣೋದು ಒಂದು ತೋಟಾದ ಆಕಾರ, ಅಷ್ಟೇ. ಚೀಲ ತೆಗೆಸ್ತಾರೆ, ಪ್ರಶ್ನೆ ಶುರು. ಜೀವಂತ ತೋಟಾ ಒಂದೇ ಒಂದು ಸಿಕ್ಕರೂ ಎಫ್‌ಐಆರ್ ಆದ ಉದಾಹರಣೆ ಬೇಕಾದಷ್ಟಿವೆ. ನನ್ನ ಬಳಿ ಇದೆ ಅನ್ನೋ ಅರಿವಿಲ್ಲದೆ ಇದ್ದರೆ ಅದನ್ನ 'ಹೊಂದಿದ್ದ' ಅಂತ ಹೇಳೋಕಾಗದು ಅನ್ನೋ ತತ್ವವನ್ನ ಸುಪ್ರೀಂ ಕೋರ್ಟ್ 1972ರಲ್ಲೇ ಗುನ್ವಂತ್‌ಲಾಲ್ ಪ್ರಕರಣದಲ್ಲಿ ಹೇಳಿದೆ. ಅದರ ಆಧಾರದ ಮೇಲೆ ದೆಹಲಿ ಹೈಕೋರ್ಟ್ ಇಂಥ ಹಲವು ಎಫ್‌ಐಆರ್‌ಗಳನ್ನ ರದ್ದು ಮಾಡಿದೆ ಕೂಡ. ಆದರೆ ರದ್ದಾಗುವಷ್ಟರಲ್ಲಿ ವಿಮಾನ ಹೋಗಿರುತ್ತೆ, ವಕೀಲರ ಫೀಸು ಹೋಗಿರುತ್ತೆ, ವೀಸಾ ಅರ್ಜಿಯಲ್ಲಿ 'ನಿಮ್ಮ ಮೇಲೆ ಪ್ರಕರಣ ಇದೆಯೇ' ಅನ್ನೋ ಕಾಲಂ ಮುಂದೆ ಪೆನ್ನು ನಿಂತಿರುತ್ತೆ. ಅದೂ ಅಲ್ಲದೆ ಗೊತ್ತಿಲ್ಲದೆ ಬಂತು ಅನ್ನೋ ವಾದ, ನೆನಪಿಗೆ ಅಂತ ಬೇಕಂತಲೇ ಜೇಬಿಗೆ ಹಾಕಿಕೊಂಡವರಿಗೆ ಹೇಗೆ ಒದಗುತ್ತೆ?

ಹಾಗಾಗಿ ರೇಂಜಿಗೆ ಹೋಗುವ ಅಣ್ಣನಿಗೋ ಅಕ್ಕನಿಗೋ ಈ ಎಪಿಸೋಡ್ ಕಳಿಸಿ. ಹೊಡೆದ ಕೇಸನ್ನ ಅಲ್ಲೇ ಇರುವ ಬಕೆಟ್ಟಿಗೆ ಹಾಕಿ ಬರಲಿ, ಅದನ್ನ ಮತ್ತೆ ಬಳಸೋರು ಅಲ್ಲೇ ಇರ್ತಾರೆ. ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಲಿ. ಹಳೇ ಬ್ಯಾಗನ್ನ ಪ್ರಯಾಣಕ್ಕೆ ತೆಗೆದುಕೊಳ್ಳೋ ಮುಂಚೆ ಎಲ್ಲ ಜೇಬು, ಜಿಪ್ಪು ಒಮ್ಮೆ ತಲೆಕೆಳಗೆ ಮಾಡಿ ಕೊಡವಲಿ, ಜಾಕೆಟ್ಟಿನ ಒಳಜೇಬು ಸೇರಿ. ನೆನಪಿಗೆ ಏನಾದರೂ ಬೇಕೇ ಬೇಕು ಅಂದರೆ ತೂತು ಬಿದ್ದ ಗುರಿಹಾಳೆ ಇದೆಯಲ್ಲ, ಅದನ್ನ ಮಡಚಿ ತರಬಹುದು. ಗುರಿ ಎಷ್ಟು ಚೆನ್ನಾಗಿತ್ತು ಅನ್ನೋದೂ ಮನೆಯವರಿಗೆ ಗೊತ್ತಾಗುತ್ತೆ.